ತರಬ್ ತಂತಿ ಉತ್ತರ ಕೊಟ್ಟಾಗ: ಒಬ್ಬರೇ ಕೂತು ಸಿತಾರ್ ಕಲಿಯುವ ಬಗೆ

ಸಿತಾರ್ ಮನೆಗೆ ಬಂದ ದಿನ ಹೆಚ್ಚಿನವರು ಮೊದಲು ಮಾಡುವ ಕೆಲಸ ಒಂದೇ. ಉದ್ದನೆಯ ದಂಡಿಯ ಮೇಲೆ ಅಡ್ಡಕ್ಕೆ ಕಟ್ಟಿದ ಮೆಟ್ಟುಗಳ ಕೆಳಗಿರುವ ಸಣ್ಣ ತಂತಿಗಳನ್ನು ಬೆರಳಿನಿಂದ ಒಮ್ಮೆ ಸವರುತ್ತಾರೆ. ಝಲ್ ಅಂತ ಸ್ವರಗಳು ಒಂದರ ಹಿಂದೊಂದು ಉದುರುತ್ತವೆ. ಮೈ ಜುಮ್ಮೆನ್ನುತ್ತದೆ. ಆಮೇಲೆ ಮೇಲಿನ ದೊಡ್ಡ ತಂತಿಯನ್ನು ಒತ್ತಿ ಮೀಟುತ್ತಾರೆ. ಟಕ್ ಅಂತ ಒಂದು ಮೊಂಡು ಸದ್ದು. ಇನ್ನೊಂದು ಸಲ ಮೀಟಿದರೆ ಬೇರೆಯೇ ಸದ್ದು. ರೆಕಾರ್ಡಿಂಗ್‌ನಲ್ಲಿ ಕೇಳಿದ್ದ ಆ ಉದ್ದನೆಯ ನಾದ ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ.

ನನಗೂ ಹಾಗೇ ಆಯಿತು. ವೇದಿಕೆ ಹತ್ತುವ ಆಸೆ ನನಗೆ ಯಾವತ್ತೂ ಇರಲಿಲ್ಲ. ಸಂಜೆ ಹೊತ್ತು ಕೂತು ನನಗೋಸ್ಕರ ಒಂದಿಷ್ಟು ನುಡಿಸಬೇಕು ಅನ್ನಿಸಿತ್ತು, ಅಷ್ಟೆ. ಹತ್ತಿರದಲ್ಲಿ ಕಲಿಸುವವರು ಇರಲಿಲ್ಲ. ಹಾಗಾಗಿ ಬಹುಪಾಲು ಒಬ್ಬಳೇ ಕಲಿತೆ. ಮೊದಲ ವರ್ಷವನ್ನು ಬೆರಳಿನ ಹಿಂದೆ ಬಿದ್ದು ಕಳೆದೆ. ಎಷ್ಟು ಬೇಗ ಓಡುತ್ತದೆ, ಎಷ್ಟು ಸ್ವರ ಮುಟ್ಟುತ್ತದೆ ಅಂತಲೇ ನೋಡುತ್ತಿದ್ದೆ. ಎರಡನೇ ವರ್ಷದಲ್ಲಿ ಒಂದು ವಿಷಯ ತಿಳಿಯಿತು. ಗುರು ಪಕ್ಕದಲ್ಲಿ ಕೂತು ಮಾಡುವ ದೊಡ್ಡ ಕೆಲಸ ಅಂದರೆ 'ಇದು ಸರಿ, ಇದು ಸರಿಯಿಲ್ಲ' ಎಂದು ಆ ಕ್ಷಣದಲ್ಲೇ ಹೇಳುವುದು. ಆ ಕೆಲಸದ ಒಂದು ಪಾಲನ್ನು ಸಿತಾರ್ ತಾನೇ ಮಾಡುತ್ತದೆ. ಅದು ಹೇಳುವುದನ್ನು ಕೇಳಿಸಿಕೊಳ್ಳಲು ಬಂದರೆ ಒಬ್ಬರೇ ಕಲಿಯುವ ದಾರಿ ಬಹಳ ಸಲೀಸಾಗುತ್ತದೆ. ಅದು ಹೇಗೆ ಅಂತ ತಿಳಿಯಬೇಕಾದರೆ ಮೊದಲು ಈ ವಾದ್ಯ ಹೇಗೆ ಕೆಲಸ ಮಾಡುತ್ತದೆ ಎಂದು ನೋಡಬೇಕು.

ತಂತಿಗಳ ಎರಡು ಮಹಡಿ

ಸಿತಾರ್ ಅನ್ನುವ ಹೆಸರು ಪಾರ್ಸಿಯ 'ಸೆಹ್ ತಾರ್'ನಿಂದ ಬಂದಿದೆ. ಮೂರು ತಂತಿ ಎಂದರ್ಥ. ಇದನ್ನು 13ನೇ ಶತಮಾನದ ಅಮೀರ್ ಖುಸ್ರೋ ಕಂಡುಹಿಡಿದರು ಎಂಬ ಮಾತು ತುಂಬ ಜನಪ್ರಿಯ. ಆದರೆ ಸಂಶೋಧಕರು ಬೊಟ್ಟು ಮಾಡುವುದು 18ನೇ ಶತಮಾನದ ದೆಹಲಿಯಲ್ಲಿದ್ದ ಖುಸ್ರೋ ಖಾನ್ ಕಡೆಗೆ. ಹೆಸರು ಒಂದೇ ಥರ ಇದ್ದದ್ದರಿಂದ ಕಥೆ 500 ವರ್ಷ ಹಿಂದಕ್ಕೆ ಹೋಗಿಬಿಟ್ಟಿದೆ.

ಇವತ್ತಿನ ಸಿತಾರ್‌ನಲ್ಲಿ ಮೂರಲ್ಲ, 18ರಿಂದ 20 ತಂತಿಗಳಿರುತ್ತವೆ. ಹೊಸಬರಿಗೆ ಭಯ ಹುಟ್ಟಿಸುವುದು ಈ ಲೆಕ್ಕವೇ. ಆದರೆ ಇವು ಎರಡು ಮಹಡಿಯಲ್ಲಿವೆ ಅಂದುಕೊಂಡರೆ ಗೋಜಲು ಕಡಿಮೆಯಾಗುತ್ತದೆ. ಮೆಟ್ಟುಗಳ ಮೇಲೆ ಹಾದುಹೋಗುವವು ಆರು ಅಥವಾ ಏಳು. ಮೆಟ್ಟುಗಳ ಕೆಳಗೆ ಅಡಗಿರುವವು 11ರಿಂದ 13. ಈ ಕೆಳಗಿನವೇ ತರಬ್ ತಂತಿಗಳು. ಮೇಲಿನ ಏಳರಲ್ಲೂ ನೀವು ಎಡಗೈಯಿಂದ ಒತ್ತುವುದು ಹೆಚ್ಚಾಗಿ ಒಂದನ್ನೇ. ಅದರ ಹೆಸರು ಬಾಜ್ ತಂತಿ. ಸುಮಾರು 0.3 ಮಿಲಿಮೀಟರ್ ದಪ್ಪದ ಉಕ್ಕಿನ ಎಳೆ ಅದು. ನೀವು ಕೇಳಿ ಮೆಚ್ಚಿದ ರಾಗವೆಲ್ಲ ಬಹುಪಾಲು ಆ ಒಂದು ಎಳೆಯ ಮೇಲೆಯೇ ನಡೆದಿರುತ್ತದೆ. ಅದರ ಪಕ್ಕದ್ದು ಜೋಡ್ ತಂತಿ. ತುದಿಯಲ್ಲಿ ಎರಡು ತೆಳ್ಳನೆಯ ಚಿಕಾರಿ ತಂತಿಗಳಿವೆ. ಅವು ತಾಳದ ಉಸಿರಿನ ಹಾಗೆ ನಡುನಡುವೆ ಮೊಳಗುತ್ತಾ ಷಡ್ಜವನ್ನು, ಅಂದರೆ ಆಧಾರ ಸ್ವರವಾದ 'ಸಾ'ವನ್ನು ನೆನಪಿಸುತ್ತಿರುತ್ತವೆ.

ಕೊಳ್ಳುವ ಮೊದಲು ಒಂದು ವಿಷಯ ಗೊತ್ತಿರಬೇಕು. ಸಿತಾರ್‌ನಲ್ಲಿ ಎರಡು ಮುಖ್ಯ ಬಗೆಗಳಿವೆ. ರವಿಶಂಕರ್ ನುಡಿಸುತ್ತಿದ್ದ ಬಗೆಯಲ್ಲಿ ತಗ್ಗಿನ ಖರಜ್ (ಕೆಳಗಿನ 'ಸಾ') ಮತ್ತು ಪಂಚಮದ ('ಪ') ದಪ್ಪ ತಂತಿಗಳಿವೆ, ಮೇಲೆ ಒಟ್ಟು ಏಳು ತಂತಿ. ವಿಲಾಯತ್ ಖಾನ್ ಆ ದಪ್ಪ ತಂತಿಗಳನ್ನು ಬಿಟ್ಟು ಗಾಂಧಾರಕ್ಕೆ ('ಗ') ಶ್ರುತಿ ಸೇರಿಸಿದ ತಂತಿ ಹಾಕಿಕೊಂಡರು. ಅಲ್ಲಿ ಮೇಲಿರುವುದು ಆರು. ಅವರ ನುಡಿಸಾಣಿಕೆ ಗಾಯಕರ ಕಂಠವನ್ನು ಹಿಂಬಾಲಿಸುವಂಥದ್ದು. ಎರಡೂ ಚೆನ್ನಾಗಿಯೇ ಇವೆ. ಆದರೆ ವಿಡಿಯೋ ನೋಡಿ ಕಲಿಯುವಾಗ ಅವರ ಸಿತಾರ್ ಯಾವ ಬಗೆಯದು ಅಂತ ಮೊದಲೇ ನೋಡಿಕೊಳ್ಳಿ. ಇಲ್ಲವಾದರೆ 'ಮೂರನೇ ತಂತಿ' ಅಂತ ಅವರು ಹೇಳುವುದೂ ನಿಮ್ಮ ಮೂರನೇ ತಂತಿಯೂ ಬೇರೆಬೇರೆ ಆಗಿರುತ್ತವೆ.

ಈಗ ತರಬ್ ವಿಷಯಕ್ಕೆ ಬರೋಣ. ಈ ತಂತಿಗಳನ್ನು ಯಾರೂ ಮೀಟುವುದಿಲ್ಲ, ಅಪರೂಪಕ್ಕೊಮ್ಮೆ ಸವರುವುದನ್ನು ಬಿಟ್ಟರೆ. ಹಾಗಾದರೆ ಅವು ನುಡಿಯುವುದು ಹೇಗೆ? ಉಯ್ಯಾಲೆಯನ್ನು ನೆನಪಿಸಿಕೊಳ್ಳಿ. ಉಯ್ಯಾಲೆಗೆ ಅದರದ್ದೇ ಆದ ಒಂದು ಲಯವಿದೆ. ಅದೇ ಲಯಕ್ಕೆ ಮೆಲ್ಲಗೆ ತಳ್ಳುತ್ತಾ ಹೋದರೆ ಅದು ಜೋರಾಗಿ ಜೀಕುತ್ತದೆ. ಲಯ ತಪ್ಪಿ ತಳ್ಳಿದರೆ ಎಷ್ಟೇ ಬಲ ಹಾಕಿದರೂ ನಿಂತುಬಿಡುತ್ತದೆ. ತಂತಿಯೂ ಹಾಗೇ. ಬಾಜ್ ತಂತಿಯಲ್ಲಿ ನೀವು ಗಾಂಧಾರ ಮೀಟಿದರೆ ಅದರ ಕಂಪನ ಕುದುರೆ (ತಂತಿಗಳು ಕೂತಿರುವ ಚಿಕ್ಕ ಪೀಠ) ಮತ್ತು ಮರದ ಮೂಲಕ ಎಲ್ಲ ತರಬ್ ತಂತಿಗಳಿಗೂ ತಲುಪುತ್ತದೆ. ಆದರೆ ಗಾಂಧಾರಕ್ಕೆ ಸೇರಿಸಿಟ್ಟ ತರಬ್ ಮಾತ್ರ ಎಚ್ಚೆತ್ತು ತಾನೂ ಹಾಡುತ್ತದೆ. ನಿಮ್ಮ ಗಾಂಧಾರ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದರೂ ಅದು ಮಂಕಾಗುತ್ತದೆ.

ನಾನು ಮೇಲೆ ಹೇಳಿದ 'ಸರಿ, ಸರಿಯಿಲ್ಲ' ಎನ್ನುವ ಗುರುವಿನ ಮಾತು ಇದೇ. ಸ್ವರ ಸರಿಯಾಗಿ ಬಿದ್ದಾಗ ವಾದ್ಯ ಒಳಗಿನಿಂದ ಬೆಳಗಿದ ಹಾಗೆ ಕೇಳುತ್ತದೆ. ಬೆರಳು ತೆಗೆದ ಮೇಲೂ ಆ ಸ್ವರ ಗಾಳಿಯಲ್ಲಿ ಉಳಿಯುತ್ತದೆ. ತಪ್ಪಿ ಬಿದ್ದಾಗ ಟಕ್ ಅಂದು ಸುಮ್ಮನಾಗುತ್ತದೆ. ಮೊದಲ ದಿನ ಕೇಳಿದ ಆ ಮೊಂಡು ಸದ್ದಿಗೆ ಅರ್ಧ ಕಾರಣ ಇಲ್ಲೇ ಇದೆ.

ಕುದುರೆಯ ಮೇಲಿನ ಜವಾರಿ

ಉಳಿದ ಅರ್ಧಕ್ಕೆ ಕುದುರೆಯನ್ನು ನೋಡಬೇಕು. ತಂತಿಗಳು ಕೊನೆಗೆ ಹಾದುಹೋಗುವ ಆ ಚಿಕ್ಕ ಪೀಠವೇ ಕುದುರೆ. ಗಿಟಾರ್‌ನಲ್ಲಿ ಇದು ಚೂಪಾದ ಅಂಚು. ಸಿತಾರ್‌ನಲ್ಲಿ ಎರಡು ಬೆರಳಿನಷ್ಟು ಅಗಲದ, ಅತಿ ಸಣ್ಣ ಇಳಿಜಾರಿರುವ ಮೇಲ್ಮೈ. ಅದು ಮೂಳೆಯದ್ದೋ, ಕೊಂಬಿನದ್ದೋ, ಈಗೀಗ ಗಟ್ಟಿ ಪ್ಲಾಸ್ಟಿಕ್‌ನದ್ದೋ ಆಗಿರುತ್ತದೆ. ತಂತಿ ಕಂಪಿಸುವಾಗ ಆ ಇಳಿಜಾರನ್ನು ಮತ್ತೆ ಮತ್ತೆ ಸವರುತ್ತದೆ. ಹಾಗೆ ಸವರುವಾಗ ಮೂಲ ಸ್ವರದ ಜೊತೆಗೆ ಅದರ ಮೇಲಿನ ಉಪಸ್ವರಗಳೂ ಒಂದೊಂದಾಗಿ ಅರಳುತ್ತವೆ. ಸಿತಾರ್‌ನ ಆ ಝೇಂಕಾರ ಹುಟ್ಟುವುದು ಹೀಗೆ. ಇದನ್ನು ಜವಾರಿ ಎನ್ನುತ್ತಾರೆ. ಜವಾರಿ ತಳಿ ಅನ್ನುವಾಗಿನ ಜವಾರಿ ಅಲ್ಲ ಇದು. ತಂಬೂರಿಯಲ್ಲಿ ಇದೇ ಪರಿಣಾಮ ತರಲು ಕುದುರೆಗೂ ತಂತಿಗೂ ನಡುವೆ ದಾರದ ಎಳೆ ಇಡುತ್ತಾರಲ್ಲ, ಅದಕ್ಕೆ ನಮ್ಮಲ್ಲಿ ಜೀವಾಳ ಅನ್ನುವ ಚೆಂದದ ಹೆಸರಿದೆ. ಸಿತಾರ್‌ಗೆ ದಾರ ಇಲ್ಲ. ಆ ಇಳಿಜಾರೇ ಅದರ ಜೀವಾಳ.

ಇದರ ಭೌತಶಾಸ್ತ್ರ ನಮ್ಮ ಸಿ. ವಿ. ರಾಮನ್ ಅವರನ್ನೂ ಸೆಳೆದಿತ್ತು. ವೀಣೆ ಮತ್ತು ತಂಬೂರಿಯ ಕುದುರೆಗಳ ಬಗ್ಗೆ ಅವರು 1921ರಲ್ಲಿ ಬರೆದರು. ಸಾಮಾನ್ಯ ತಂತಿಯಲ್ಲಿ ಒಂದು ನಿಯಮವಿದೆ. ಯಾವ ಉಪಸ್ವರಕ್ಕೆ ತಂತಿಯ ಒಂದು ಬಿಂದು ಅಲುಗದೆ ನಿಲ್ಲಬೇಕೋ, ಸರಿಯಾಗಿ ಅದೇ ಬಿಂದುವಿನಲ್ಲಿ ಮೀಟಿದರೆ ಆ ಉಪಸ್ವರ ಕೇಳಿಸಬಾರದು. ಈ ಅಗಲ ಕುದುರೆಯ ವಾದ್ಯಗಳಲ್ಲಿ ಆ ನಿಯಮ ಮುರಿಯುತ್ತದೆ, ಕೇಳಬಾರದ ಉಪಸ್ವರಗಳೂ ಜೋರಾಗಿ ಕೇಳುತ್ತವೆ ಎಂದು ಅವರು ತೋರಿಸಿದರು.

ನುಡಿಸಿದಂತೆಲ್ಲ ತಂತಿ ಕುದುರೆಯಲ್ಲಿ ಗೀರು ಮಾಡುತ್ತದೆ. ಆಗ ನಾದ ಕುರುಡಾಗುತ್ತದೆ. ಮತ್ತೆ ಉಜ್ಜಿ ಇಳಿಜಾರನ್ನು ಸರಿ ಮಾಡಿಸಬೇಕು. ಇದನ್ನು ಮಾತ್ರ ದಯವಿಟ್ಟು ನೀವೇ ಮಾಡಲು ಹೋಗಬೇಡಿ. ಒಂದು ಕೂದಲಿನಷ್ಟು ಜಾಸ್ತಿ ಉಜ್ಜಿದರೂ ಕುದುರೆ ಕೆಟ್ಟಿತು. ಅದು ವರ್ಷಗಟ್ಟಲೆ ಕಲಿತ ಕೈಯ ಕೆಲಸ. ಮಿರಜ್‌ನಲ್ಲಿ ಸಿತಾರ್ ಮತ್ತು ತಂಬೂರಿ ಮಾಡುವ ಮನೆತನಗಳು ತಲೆಮಾರುಗಳಿಂದ ಇದನ್ನೇ ಮಾಡಿಕೊಂಡು ಬಂದಿವೆ. ಹೊಸ ಸಿತಾರ್ ಕೊಳ್ಳುವಾಗಲೂ ಮೇಲಿನ ಕೆತ್ತನೆ, ಬಣ್ಣ ನೋಡಿ ಮರುಳಾಗಬೇಡಿ. ದಂಡಿ ಬಾಗಿಲ್ಲವೇ, ತಂತಿ ಬಿಗಿಮಾಡುವ ಬಿರಡೆಗಳು ಜಾರದೆ ನಿಲ್ಲುತ್ತವೆಯೇ, ಜವಾರಿ ಎಲ್ಲ ಮೆಟ್ಟಿನಲ್ಲೂ ಒಂದೇ ಥರ ಕೇಳುತ್ತದೆಯೇ ಎಂದು ನೋಡಿ. ಗೊತ್ತಿರುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋದರೆ ಒಳ್ಳೆಯದು. ಅಲಂಕಾರಕ್ಕೆ ಅಂತಲೇ ಮಾಡಿದ ಸಿತಾರ್‌ಗಳೂ ಇವೆ. ಅವುಗಳಲ್ಲಿ ತರಬ್ ಎಷ್ಟು ಸೇರಿಸಿದರೂ ಉತ್ತರ ಕೊಡುವುದಿಲ್ಲ. ಅಂಥದ್ದರಲ್ಲಿ ಕಲಿಯಲು ಹೊರಟವರು ತಪ್ಪು ತಮ್ಮದೇ ಅಂದುಕೊಂಡು ಬಿಟ್ಟುಬಿಡುತ್ತಾರೆ. ಅದು ನನಗೆ ತುಂಬ ಬೇಸರದ ವಿಷಯ.

ಶ್ರುತಿ ಮಾಡುವುದೇ ಮೊದಲ ಪಾಠ

ತರಬ್ ಉತ್ತರ ಕೊಡಬೇಕಾದರೆ ಅದು ಶ್ರುತಿಯಲ್ಲಿ ಇರಲೇಬೇಕು. ಹಾಗಾಗಿ ಮೊದಲ ತಿಂಗಳು ನುಡಿಸುವುದಕ್ಕಿಂತ ಶ್ರುತಿ ಮಾಡುವುದಕ್ಕೇ ಜಾಸ್ತಿ ಹೊತ್ತು ಕೊಡಿ. ಇದು ಅಭ್ಯಾಸದ ಮೊದಲು ಮುಗಿಸಬೇಕಾದ ಕಿರಿಕಿರಿ ಅಲ್ಲ. ಇದೇ ಅಭ್ಯಾಸ. ಕಿವಿ ತಯಾರಾಗುವುದು ಇಲ್ಲೇ.

ಮೊದಲು ತಂಬೂರಿ ಆ್ಯಪ್‌ನಲ್ಲಿ ಷಡ್ಜ ಹಾಕಿಟ್ಟುಕೊಳ್ಳಿ. ಹೆಚ್ಚಿನ ಸಿತಾರ್‌ಗಳ ಷಡ್ಜ ಸಿ ಶಾರ್ಪ್ ಅಥವಾ ಡಿ ಹತ್ತಿರ ಇರುತ್ತದೆ. ಜೋಡ್ ತಂತಿಯನ್ನು ಆ ಷಡ್ಜಕ್ಕೆ ಸೇರಿಸಿ. ಆಮೇಲೆ ಬಾಜ್ ತಂತಿ. ಇದನ್ನು ಸೇರಿಸುವುದು ಷಡ್ಜಕ್ಕಲ್ಲ, ಮಧ್ಯಮಕ್ಕೆ ('ಮ'). ಹೊಸಬರು ಇಲ್ಲಿ ಬಹಳ ಎಡವುತ್ತಾರೆ. ಸಿ ಶಾರ್ಪ್ ಲೆಕ್ಕದಲ್ಲಿ ಜೋಡ್ ತಂತಿ ಸೆಕೆಂಡಿಗೆ ಸುಮಾರು 138.6 ಸಲ ಕಂಪಿಸುತ್ತದೆ. ಮಧ್ಯಮ ಅದರ 4/3 ಪಟ್ಟು, ಅಂದರೆ ಸುಮಾರು 184.8. ನಾನು ಮೊದಲ ವಾರ ಬಾಜ್ ತಂತಿಯನ್ನು ಪಂಚಮವನ್ನೂ ದಾಟಿಸಿ ಮೇಲಿನ ಷಡ್ಜದ ಕಡೆಗೆ ತಿರುಗಿಸುತ್ತಾ ಹೋದೆ. ತಂತಿ ಹರಿದು ಕೈಗೆ ಬಡಿಯಿತು. ಶ್ರುತಿ ಮಾಡುವಾಗ ಮುಖವನ್ನು ತಂತಿಯಿಂದ ದೂರ ಇಟ್ಟುಕೊಳ್ಳಿ ಅಂತ ಅದಕ್ಕೇ ಹೇಳುತ್ತೇನೆ.

ಎರಡು ತಂತಿ ಸೇರಿದವೋ ಇಲ್ಲವೋ ಎಂದು ಕಿವಿಗೆ ಗೊತ್ತಾಗುವುದು ಹೇಗೆ? ಅಲೆಗಳನ್ನು ಕೇಳಬೇಕು. ಒಂದು ತಂತಿ 138, ಇನ್ನೊಂದು 140 ಸಲ ಕಂಪಿಸುತ್ತಿದ್ದರೆ ಸದ್ದು ಸೆಕೆಂಡಿಗೆ ಎರಡು ಸಲ ಏರಿ ಇಳಿಯುತ್ತದೆ. ವಾಂವ್ ವಾಂವ್ ಅಂತ. ಬಿರಡೆಯನ್ನು ಮೆಲ್ಲಗೆ ತಿರುಗಿಸುತ್ತಾ ಬಂದರೆ ಅಲೆ ನಿಧಾನವಾಗುತ್ತದೆ. ವಾಂ...ವ್. ಕೊನೆಗೆ ನಿಂತೇ ಹೋಗುತ್ತದೆ. ಆ ನಿಲ್ಲುವ ಗಳಿಗೆಯನ್ನು ಹಿಡಿಯುವುದೇ ಶ್ರುತಿ ಜ್ಞಾನದ ಶುರು. ಟ್ಯೂನರ್ ಆ್ಯಪ್‌ನ ಮುಳ್ಳು ನೋಡಿ ಮಾಡಿದರೆ ಬೇಗ ಆಗುತ್ತದೆ, ನಿಜ. ಆದರೆ ಹತ್ತಿರ ಬರುವವರೆಗೆ ಮಾತ್ರ ಅದನ್ನು ಬಳಸಿ. ಕೊನೆಯ ಚೂರು ಕಿವಿಗೆ ಬಿಡಿ.

ಬಿರಡೆ ಮರದ್ದು. ಬರೀ ಬಿಗಿತದ ಮೇಲೆ ನಿಂತಿರುತ್ತದೆ. ತಿರುಗಿಸುವಾಗ ಒಳಕ್ಕೆ ಒತ್ತುತ್ತಲೇ ತಿರುಗಿಸಿ. ಆದರೂ ಜಾರಿದರೆ ಸ್ವಲ್ಪ ಸೀಮೆಸುಣ್ಣದ ಪುಡಿ ಸವರಿ. ಸಣ್ಣಪುಟ್ಟ ವ್ಯತ್ಯಾಸಕ್ಕೆ ಬಿರಡೆ ಮುಟ್ಟಬೇಕಾಗಿಲ್ಲ. ಕುದುರೆಯ ಹಿಂದೆ ತಂತಿಗೆ ಪೋಣಿಸಿದ ಮಣಿ ಇರುತ್ತದೆ. ಅದನ್ನು ಚೂರು ಸರಿಸಿದರೆ ಸಾಕು. ತರಬ್‌ಗಳನ್ನು ಕೊನೆಯಲ್ಲಿ ಸೇರಿಸಿ, ನೀವು ನುಡಿಸುವ ರಾಗದ ಸ್ವರಗಳಿಗೆ. ಮೊದಮೊದಲು ಇಷ್ಟೆಲ್ಲ ಮುಗಿಯಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಆಮೇಲಾಮೇಲೆ ಹತ್ತು ನಿಮಿಷ. ಹವೆ ಬದಲಾದರೆ ಮರ ಹಿಗ್ಗಿ ಕುಗ್ಗಿ ಶ್ರುತಿ ಮತ್ತೆ ಹೋಗುತ್ತದೆ. ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ಕೂರುವುದು, ಹಿಡಿಯುವುದು, ಮೀಟುವುದು

ವಾಡಿಕೆಯ ಕ್ರಮದಲ್ಲಿ ನೆಲದ ಮೇಲೆ ಕೂತು, ಬಲಗಾಲನ್ನು ಎಡಗಾಲಿನ ಮೇಲಿನಿಂದ ತಂದು, ಸಿತಾರ್‌ನ ಕೆಳತುದಿಯ ದುಂಡನೆಯ ಬುರುಡೆಯನ್ನು ಎಡ ಪಾದದ ಮೇಲೆ ನಿಲ್ಲಿಸುತ್ತಾರೆ. ಬಲ ಮುಂಗೈ ಬುರುಡೆಯ ಮೇಲೆ ಭಾರ ಹಾಕಿ ಸಿತಾರನ್ನು ಹಿಡಿದಿಡುತ್ತದೆ. ದಂಡಿ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ನಿಲ್ಲುತ್ತದೆ. ನೆಲದ ಮೇಲೆ ಕೂರಲಾಗದವರು ಕುರ್ಚಿಯಲ್ಲೂ ನುಡಿಸಬಹುದು. ಹೇಗೆ ಕೂತರೂ ಪರೀಕ್ಷೆ ಒಂದೇ. ಎಡಗೈಯನ್ನು ಪೂರ್ತಿ ತೆಗೆಯಿರಿ. ಸಿತಾರ್ ಅಲುಗದೆ ನಿಂತಿದೆಯಾ? ನಿಂತಿದ್ದರೆ ಸರಿ. ವಾಲಿದರೆ ಎಡಗೈ ಇಷ್ಟು ಹೊತ್ತು ಅದನ್ನು ಹೊರುತ್ತಿತ್ತು ಎಂದರ್ಥ. ಹೊರುವ ಕೈ ಜಾರಲಾರದು, ತಂತಿ ಎಳೆಯಲಾರದು. ನಾನು ನಾಲ್ಕು ತಿಂಗಳು ಎಡಗೈಯಲ್ಲಿ ದಂಡಿಯ ಭಾರ ಹೊತ್ತು ಭುಜ ನೋಯಿಸಿಕೊಂಡಿದ್ದೆ. ಇದನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನ್ನಿಸುತ್ತದೆ.

ಬಲ ತೋರುಬೆರಳಿಗೆ ತಂತಿಯನ್ನು ಬಾಗಿಸಿ ಮಾಡಿದ, ಮೀಟಲು ಬಳಸುವ ಮಿಜರಾಬ್ ತೊಡುತ್ತೀರಿ. ಹೆಬ್ಬೆರಳು ದಂಡಿಯ ಅಂಚಿಗೆ ಒರಗಿ ನಿಲ್ಲುತ್ತದೆ, ಅಲ್ಲಿಂದ ಕದಲುವುದಿಲ್ಲ. ಬೆರಳನ್ನು ಅಂಗೈ ಕಡೆಗೆ ಒಳಕ್ಕೆ ತಂದು ಮೀಟಿದರೆ 'ದಾ'. ಹೊರಕ್ಕೆ ಮೀಟಿದರೆ 'ರಾ'. ಎರಡನ್ನೂ ಬೇಗ ಸೇರಿಸಿದರೆ 'ದಿರಿ'. ಸಿತಾರ್‌ನ ಬಲಗೈ ಭಾಷೆಯೆಲ್ಲ ಇಷ್ಟರಿಂದಲೇ ಹುಟ್ಟುತ್ತದೆ. 'ರಾ' ಸಹಜವಾಗಿ 'ದಾ'ಗಿಂತ ಮೆತ್ತಗೆ ಬರುತ್ತದೆ. ಎರಡೂ ಸಮನಾಗಿ ಕೇಳುವವರೆಗೆ ಒಂದೇ ಸ್ವರದ ಮೇಲೆ ದಾ ರಾ ದಾ ರಾ ಮಾಡಿ. ಲಯ ಎಣಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟುಕೊಳ್ಳಿ. ಕಣ್ಣು ಮುಚ್ಚಿದಾಗ ಯಾವುದು ದಾ, ಯಾವುದು ರಾ ಎಂದು ಹೇಳಲಾಗದಂತೆ ಆಗಬೇಕು.

ಎಡಗೈಯಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ತೋರುಬೆರಳು ಮತ್ತು ಮಧ್ಯಬೆರಳು. ಹೆಬ್ಬೆರಳು ದಂಡಿಯ ಹಿಂದೆ ಹಗುರವಾಗಿ ಜಾರುತ್ತಿರುತ್ತದೆ. ಬೆರಳನ್ನು ಮೆಟ್ಟಿನ ಮೇಲೆ ಇಡಬೇಡಿ, ಮೆಟ್ಟಿಗೆ ತಾಗಿದಂತೆ ಅದರ ಹಿಂದೆ ಇಡಿ. ದೂರ ಇಟ್ಟರೆ ಸ್ವರ ಕಿರುಗುಟ್ಟುತ್ತದೆ. ಮೊದಲ ವಾರಗಳಲ್ಲಿ ಬೆರಳ ತುದಿಯಲ್ಲಿ ಗೆರೆ ಮೂಡಿ ಉರಿಯುತ್ತದೆ. ಆಮೇಲೆ ಅಲ್ಲಿ ಚರ್ಮ ಗಟ್ಟಿಯಾಗುತ್ತದೆ. ಸ್ವಲ್ಪ ಎಣ್ಣೆ ಸವರಿಕೊಂಡರೆ ಜಾರುವುದು ಸುಲಭ, ಬಹಳ ಸಿತಾರ್ ವಾದಕರು ಪಕ್ಕದಲ್ಲಿ ಎಣ್ಣೆ ಇಟ್ಟುಕೊಂಡೇ ಕೂರುತ್ತಾರೆ. ಚರ್ಮ ಸೀಳಿದರೆ ಮಾತ್ರ ಎರಡು ದಿನ ಬಿಟ್ಟುಬಿಡಿ.

ಮೆಟ್ಟುಗಳ ಬಗ್ಗೆ ಒಂದು ಮಾತು. ಸುಮಾರು 20 ಮೆಟ್ಟುಗಳು ಇರುತ್ತವೆ. ಅವನ್ನು ದಂಡಿಗೆ ಅಂಟಿಸಿರುವುದಿಲ್ಲ, ದಾರದಿಂದ ಕಟ್ಟಿರುತ್ತಾರೆ. ಬೇಕಾದಾಗ ಸರಿಸಬಹುದು. ಬಿರಡೆಯ ಕಡೆಯಿಂದ ಎಣಿಸಿದರೆ ಏಳನೆಯದು ಹೆಚ್ಚಿನ ಸಿತಾರ್‌ಗಳಲ್ಲಿ ಮಧ್ಯ ಷಡ್ಜ. ಆದರೆ ಎಲ್ಲ 12 ಸ್ವರಗಳಿಗೂ ಮೆಟ್ಟು ಇರುವುದಿಲ್ಲ. ಮಧ್ಯ ಸಪ್ತಕದ ಕೋಮಲ (ಅರ್ಧ ಸ್ವರ ಇಳಿಸಿದ) ರಿಷಭ ('ರೆ'), ಕೋಮಲ ಧೈವತಕ್ಕೆ ('ಧ') ಸಾಮಾನ್ಯವಾಗಿ ಬೇರೆ ಮೆಟ್ಟಿಲ್ಲ. ಅವು ಬೇಕಾದ ರಾಗಕ್ಕೆ ಶುದ್ಧ ಸ್ವರದ ಮೆಟ್ಟನ್ನೇ ಮೇಲಕ್ಕೆ, ಬಿರಡೆಯ ಕಡೆಗೆ ಸರಿಸಬೇಕು. ಎಷ್ಟು ಸರಿಸಬೇಕು ಅಂತ ಅಳತೆಪಟ್ಟಿ ಹೇಳುವುದಿಲ್ಲ. ಮತ್ತೆ ಕಿವಿಯೇ ಹೇಳಬೇಕು, ತರಬ್ ಒಪ್ಪಬೇಕು.

ಮೀಂಡ್ ಅನ್ನುವ ಎಳೆತ

ಸಿತಾರನ್ನು ಸಿತಾರ್ ಮಾಡುವುದು ಮೀಂಡ್. ಒಂದೇ ಮೆಟ್ಟಿನಲ್ಲಿ ಬೆರಳಿಟ್ಟು ತಂತಿಯನ್ನು ಅಡ್ಡಕ್ಕೆ ಎಳೆಯುವುದು. ಸ್ವರ ಮೆಟ್ಟಿಲು ಹತ್ತದೆ, ಇಳಿಜಾರಿನಲ್ಲಿ ನಡೆದಂತೆ ಏರುತ್ತದೆ. ಮೆಟ್ಟುಗಳು ಕಮಾನಿನಂತೆ ಬಾಗಿರುವುದೂ ದಂಡಿ ಅಷ್ಟು ಅಗಲ ಇರುವುದೂ ಇದಕ್ಕೇ. ಪಳಗಿದ ಕೈ ಒಂದೇ ಮೆಟ್ಟಿನಿಂದ ಐದು ಸ್ವರದವರೆಗೆ ಎಳೆಯುತ್ತದೆ.

ಇದು ಎಷ್ಟು ಕಷ್ಟದ ಕೆಲಸ ಅಂತ ಲೆಕ್ಕ ಹಾಕಿ ನೋಡಬಹುದು. ಎಳೆದಾಗ ತಂತಿಯ ಬಿಗಿ ಹೆಚ್ಚುತ್ತದೆ, ಹಾಗಾಗಿ ಸ್ವರ ಏರುತ್ತದೆ. ಆದರೆ ಕಂಪನದ ವೇಗ ಬಿಗಿಯ ವರ್ಗಮೂಲಕ್ಕೆ ತಕ್ಕಂತೆ ಮಾತ್ರ ಹೆಚ್ಚುತ್ತದೆ. ಷಡ್ಜದಿಂದ ರಿಷಭಕ್ಕೆ ಎಳೆಯಲು ಬಿಗಿ ಸುಮಾರು 27 ಶೇಕಡಾ ಹೆಚ್ಚಬೇಕು. ಷಡ್ಜದಿಂದ ಪಂಚಮಕ್ಕೆ ಎಳೆಯಬೇಕಾದರೆ ಬಿಗಿ ಎರಡೂಕಾಲು ಪಟ್ಟು ಆಗಬೇಕು. 0.3 ಮಿಲಿಮೀಟರ್ ಎಳೆ ಬೆರಳ ತುದಿಯನ್ನು ಯಾಕೆ ಕೊಯ್ಯುತ್ತದೆ, ತಂತಿ ಯಾಕೆ ಹರಿಯುತ್ತದೆ, ಎಳೆದು ಬಿಟ್ಟಮೇಲೆ ಶ್ರುತಿ ಯಾಕೆ ಇಳಿದಿರುತ್ತದೆ ಎಲ್ಲದಕ್ಕೂ ಇದೇ ಉತ್ತರ.

ಎಳೆದ ಸ್ವರಕ್ಕೆ ಮೆಟ್ಟಿನ ಆಸರೆ ಇಲ್ಲ. ಎಲ್ಲಿ ನಿಲ್ಲಬೇಕು ಎಂದು ಬೆರಳಿಗೆ ಗೊತ್ತಾಗುವ ದಾರಿಯೇ ಇಲ್ಲ. ಒಬ್ಬರೇ ಕಲಿಯುವವರು ಹೆಚ್ಚಾಗಿ ಸೋಲುವ ಜಾಗ ಇದು. ನನಗೆ ಸಹಾಯವಾದದ್ದು ಒಂದು ಸರಳ ಕ್ರಮ. ಮೊದಲು ಗಾಂಧಾರದ ಮೆಟ್ಟಿನಲ್ಲಿ ಗಾಂಧಾರ ಮೀಟಿ. ಅದನ್ನು ಬಾಯಲ್ಲಿ ಹಾಡಿ. ದನಿ ಚೆನ್ನಾಗಿಲ್ಲ ಅಂತ ಯೋಚಿಸಬೇಡಿ, ಕೇಳುವವರು ಯಾರೂ ಇಲ್ಲ. ಈಗ ರಿಷಭದ ಮೆಟ್ಟಿಗೆ ಬನ್ನಿ. ಮನಸ್ಸಿನಲ್ಲಿ ಗಾಂಧಾರ ಇಟ್ಟುಕೊಂಡು ನಿಧಾನವಾಗಿ ಎಳೆಯಿರಿ. ತರಬ್ ಕಡೆಗೆ ಕಿವಿ ಇಡಿ. ಸ್ವಲ್ಪ ದೂರ ಏನೂ ಇಲ್ಲ. ಇನ್ನೂ ಸ್ವಲ್ಪ. ಒಮ್ಮೆಲೇ ಕೆಳಗಿನಿಂದ ಗಾಂಧಾರದ ತರಬ್ ಹಾಡತೊಡಗುತ್ತದೆ. ಅಲ್ಲೇ ನಿಲ್ಲಿ. ಆ ಎಳೆತ ಎಷ್ಟಿತ್ತು ಎಂದು ಬೆರಳು ನೆನಪಿಟ್ಟುಕೊಳ್ಳಲಿ. ದಿನಕ್ಕೆ ಇಂಥ 20 ಎಳೆತ ಸಾಕು. ಅವಸರ ಬೇಡ.

ಯಾವ ರಾಗ ಮೊದಲು?

ನಾನು ಹೇಳುವುದು ಭೂಪಾಲಿ. ಸಾ ರೆ ಗ ಪ ಧ, ಐದೇ ಸ್ವರ. ಎಲ್ಲವೂ ಶುದ್ಧ. ಮೆಟ್ಟು ಸರಿಸುವ ಕೆಲಸ ಇಲ್ಲ. ತರಬ್ ಸೇರಿಸಲು ಐದು ಸ್ವರ ಕಿವಿಯಲ್ಲಿದ್ದರೆ ಸಾಕು. ಕರ್ನಾಟಕ ಸಂಗೀತದ ಮೋಹನದ ಸ್ವರಗಳೂ ಇವೇ ಆಗಿರುವುದರಿಂದ ನಮ್ಮ ಕಿವಿಗೆ ಇದು ಹೊಸದೂ ಅಲ್ಲ. ಒಂದು ಎಚ್ಚರ ಬೇಕು. ಬಾಜ್ ತಂತಿಯನ್ನು ಒತ್ತದೆ ಮೀಟಿದರೆ ಮಧ್ಯಮ ಬರುತ್ತದೆ. ಭೂಪಾಲಿಯಲ್ಲಿ ಮಧ್ಯಮವೇ ಇಲ್ಲ. ಬೆರಳು ಎತ್ತಿದಾಗ ಅದು ತಪ್ಪಿ ನುಡಿಯದಂತೆ ನೋಡಿಕೊಳ್ಳಿ.

ಸಾರೆಗ, ರೆಗಪ, ಗಪಧ, ಪಧಸಾ ಎಂದು ಮೂರು ಮೂರು ಸ್ವರಗಳ ಪಲ್ಟಾದಿಂದ ಶುರು ಮಾಡಿ. ಹಾಗೇ ಇಳಿಯಿರಿ. ಆದರೆ ಬರೀ ಏಣಿ ಹತ್ತಿ ಇಳಿದರೆ ರಾಗ ಆಗುವುದಿಲ್ಲ. ದೇಶ್ಕಾರ್ ರಾಗದಲ್ಲೂ ಇದೇ ಐದು ಸ್ವರ. ಆದರೂ ಅದು ಬೇರೆ ರಾಗ. ಭೂಪಾಲಿ ಗಾಂಧಾರದಲ್ಲಿ ಮನೆ ಮಾಡಿಕೊಂಡಿದೆ, ದೇಶ್ಕಾರ್ ಧೈವತದಲ್ಲಿ. ಗ ರೆ ಸಾ ಧ, ಸಾ ರೆ ಗ, ಪ ಗ, ಧ ಪ ಗ, ರೆ ಸಾ. ಈ ನಡೆಯನ್ನು ನಿಧಾನವಾಗಿ ನುಡಿಸಿ ಗಾಂಧಾರದ ಹತ್ತಿರ ಬಂದಾಗಲೆಲ್ಲ ಸ್ವಲ್ಪ ಕೂತುಕೊಳ್ಳಿ. ತಾಳವಿಲ್ಲದೆ, ಹೀಗೆ ಒಂದೊಂದೇ ಸ್ವರದ ಮೇಲೆ ನಿಲ್ಲುತ್ತಾ ರಾಗವನ್ನು ಬಿಡಿಸುವುದೇ ಆಲಾಪ. ತನಗೋಸ್ಕರ ನುಡಿಸುವವರಿಗೆ ಆಲಾಪದಷ್ಟು ಒಳ್ಳೆಯದು ಇನ್ನೊಂದಿಲ್ಲ ಅಂತ ನನ್ನ ಅನಿಸಿಕೆ. ಅದಕ್ಕೆ ವೇಗ ಬೇಡ, ತಬಲಾ ಬೇಡ, ಇನ್ನೊಬ್ಬರ ಮೆಚ್ಚುಗೆಯೂ ಬೇಡ.

ತಾಳದ ರುಚಿ ಬೇಕಾದಾಗ ಮಸೀತ್‌ಖಾನಿ ಗತ್ ಹಿಡಿಯಿರಿ. ಗತ್ ಅಂದರೆ ತಾಳಕ್ಕೆ ಕೂರಿಸಿದ ವಾದ್ಯ ರಚನೆ. 18ನೇ ಶತಮಾನದ ಮಸೀತ್ ಖಾನ್ ಅವರ ಹೆಸರಿನ ವಿಲಂಬಿತ (ನಿಧಾನ ಲಯದ) ಗತ್ ಇದು. 16 ಮಾತ್ರೆಗಳ ತೀನ್‌ತಾಲ್‌ನಲ್ಲಿ ಕೂರುತ್ತದೆ. ಅದರ ಬಲಗೈ ಬೋಲ್, ಅಂದರೆ ಮೀಟಿನ ಅಕ್ಷರಗಳು ಹೀಗೆ: ದಿರಿ ದಾ ದಿರಿ ದಾ ರಾ, ದಾ ದಾ ರಾ. ಎಂಟು ಮಾತ್ರೆ. ಇದೇ ಇನ್ನೊಮ್ಮೆ ಬಂದರೆ 16 ಆಯಿತು. ಆದರೆ ಗತ್ ಶುರುವಾಗುವುದು ಒಂದನೇ ಮಾತ್ರೆಯಲ್ಲಲ್ಲ, 12ನೆಯದರಲ್ಲಿ. 12ರಿಂದ 16ರವರೆಗೆ 'ದಿರಿ ದಾ ದಿರಿ ದಾ ರಾ' ಮುಗಿದು, ಸರಿಯಾಗಿ ಸಮ್ (ತಾಳದ ಒಂದನೇ ಮಾತ್ರೆ) ಮೇಲೆ 'ದಾ' ಬೀಳುತ್ತದೆ. ಮೊದಲು ಬಾಯಲ್ಲಿ ಹೇಳುತ್ತಾ ಕೈಯಲ್ಲಿ ತಾಳ ಹಾಕಿ. ಬಾಯಿಗೆ ಬಂದ ಮೇಲೆ ಒಂದೇ ಸ್ವರದ ಮೇಲೆ ಮೀಟಿ. ಆಮೇಲೆ ಸ್ವರ ಕೂಡಿಸಿ. ಈ ಕ್ರಮ ಹಿಂದುಮುಂದಾದರೆ ಮೂರೂ ಕೆಡುತ್ತವೆ. ದ್ರುತ್ (ವೇಗದ) ಲಯದ ರಜಾಖಾನಿ ಗತ್, ಚಿಕಾರಿ ಮೊಳಗುವ ಝಾಲಾ ಎಲ್ಲ ಇದರ ಮೇಲೆ ಬರುವ ಮಾತು.

ಕೇಳುವುದನ್ನು ಅಭ್ಯಾಸದ ಹೊರಗಿನ ಕೆಲಸ ಅಂದುಕೊಳ್ಳಬೇಡಿ. ರವಿಶಂಕರ್ ಮತ್ತು ನಿಖಿಲ್ ಬ್ಯಾನರ್ಜಿ ಇಬ್ಬರೂ ಮೈಹರ್‌ನ ಅಲ್ಲಾವುದ್ದೀನ್ ಖಾನ್ ಅವರ ಶಿಷ್ಯರು. ಆದರೂ ಇಬ್ಬರ ನಾದ ಬೇರೆ. ರವಿಶಂಕರ್ ಅವರದ್ದು ತೆರೆದ, ಝೇಂಕಾರ ಹೆಚ್ಚಿರುವ ಜವಾರಿ, ವಿಲಾಯತ್ ಖಾನ್ ಅವರದ್ದು ಮುಚ್ಚಿದ, ದುಂಡನೆಯ ಜವಾರಿ. ಧಾರವಾಡದಲ್ಲಿ ಸಿತಾರ್ ಬೇರೂರಿಸಿದ ರಹಿಮತ್ ಖಾನ್ ಅವರ ಮೊಮ್ಮಗ ಬಾಲೇ ಖಾನ್ ಅವರನ್ನೂ ಕೇಳಿ. ಒಂದೇ ರಾಗವನ್ನು ಈ ನಾಲ್ವರಲ್ಲಿ ಯಾರ ಕೈಯಲ್ಲಿ ಸಿಕ್ಕರೂ ಕೇಳಿ, ಅವರು ಯಾವ ಸ್ವರದ ಮೇಲೆ ಎಷ್ಟು ಹೊತ್ತು ನಿಂತರು ಎಂದು ಮಾತ್ರ ಗಮನಿಸಿ. ಬೆರಳಿನ ವೇಗ ಸದ್ಯಕ್ಕೆ ಬಿಡಿ.

ಗುರು ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ತರಬ್ ತಂತಿ ಸ್ವರದ ತಪ್ಪು ಹೇಳುತ್ತದೆ. ಮಣಿಕಟ್ಟು ಬಿಗಿಯಾಗಿದೆ, ಮಿಜರಾಬ್ ಓರೆಯಾಗಿದೆ, ಈ ನಡೆಯಲ್ಲಿ ರಾಗ ಜಾರಿತು ಎಂದು ಅದು ಹೇಳಲಾರದು. ಒಮ್ಮೆ ಬೆನ್ನು ನೆಟ್ಟಗೆ ಕೂತು ಸರಿಯಾದ ಹಿಡಿತ ಸಿಕ್ಕಿದ ಮೇಲೆ, ಮೂರ್ನಾಲ್ಕು ತಿಂಗಳಿಗೊಮ್ಮೆಯಾದರೂ ಬಲ್ಲವರ ಎದುರು ಅರ್ಧ ಗಂಟೆ ನುಡಿಸಿ. ಆನ್‌ಲೈನ್‌ನಲ್ಲಾದರೂ ಸರಿ. ನಡುವಿನ ದಿನಗಳಲ್ಲಿ ಫೋನಿನಲ್ಲಿ ನಿಮ್ಮದೇ ರೆಕಾರ್ಡಿಂಗ್ ಮಾಡಿ ಮರುದಿನ ಕೇಳಿ. ನುಡಿಸುವಾಗ ಕೇಳಿಸದ ಎಷ್ಟೋ ತಪ್ಪುಗಳು ಮರುದಿನ ಸ್ಪಷ್ಟವಾಗಿ ಕೇಳುತ್ತವೆ.

ಭೂಪಾಲಿ ಕೈಗೆ ಹತ್ತಿದ ಮೇಲೆ ಯಮನ್ ರಾಗಕ್ಕೆ ಹೋಗಿ. ಎರಡೆರಡು ಇರುವ ತರಬ್‌ಗಳಲ್ಲಿ ಒಂದನ್ನು ತೀವ್ರ (ಅರ್ಧ ಸ್ವರ ಏರಿಸಿದ) ಮಧ್ಯಮಕ್ಕೆ, ಇನ್ನೊಂದನ್ನು ನಿಷಾದಕ್ಕೆ ತಿರುಗಿಸಿದರೆ ಸಾಕು. ಮೆಟ್ಟು ಮುಟ್ಟಬೇಕಾಗಿಲ್ಲ. ಆಮೇಲೆ ಒಂದು ದಿನ ಭೈರವ್ ನುಡಿಸುವ ಮನಸ್ಸಾಗುತ್ತದೆ. ಆಗ ರಿಷಭ, ಧೈವತದ ಮೆಟ್ಟುಗಳ ದಾರವನ್ನು ಎರಡೂ ಕಡೆ ಹಿಡಿದು ಮೆಲ್ಲಗೆ ಬಿರಡೆಯ ಕಡೆಗೆ ಸರಿಸಿ. ತರಬ್‌ನ ರಿಷಭ, ಧೈವತವನ್ನೂ ಕೋಮಲಕ್ಕೆ ಇಳಿಸಿ. ಮೊದಲ ಸಲ ಕೋಮಲ ರಿಷಭ ಮೀಟಿ, ಬೆರಳು ಎತ್ತಿ, ಸುಮ್ನೆ ಕೂತು ಕೇಳಿ. ಕೆಳಗಿನಿಂದ ಅದೇ ಸ್ವರ ವಾಪಸ್ ಬರುತ್ತಿದೆಯಾ? ಬರದಿದ್ದರೆ ಮೆಟ್ಟನ್ನು ಇನ್ನೊಂದು ಚೂರು ಸರಿಸಿ.